ಗ್ರಹಣಕ್ಕೊಂದು ತಿದ್ದುಪಡಿ

ಗ್ರಹಣದ ಸುದ್ದಿಯನ್ನು ನಾನು ಹೊಸದಾಗಿ ಬರೆದು ಎಷ್ಟೋ ವರ್ಷಗಳಾದವು. ರಾಮನಗರದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಲೇ ಕೂದಲು ಬೆಳ್ಳಗಾದವನು ನಾನು. ಬಸ್ ನಿಲ್ದಾಣ ಬಿಕೋ ಎನ್ನುತ್ತಿತ್ತು, ದೇವಸ್ಥಾನಗಳ ಬಾಗಿಲು ಮುಚ್ಚಿದ್ದವು, ಹೋಟೆಲುಗಳಲ್ಲಿ ಇಡ್ಲಿ ಉಳಿಯಿತು, ಕೆಲವರು ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿದರು. ಇಷ್ಟೇ. ದಿನಾಂಕ ಬದಲಿಸಿದರೆ ಮುಗಿಯಿತು. ಕನಕಪುರದ, ಮಾಗಡಿಯ ವರದಿಗಾರರೂ ಇದನ್ನೇ ಕಳಿಸುತ್ತಾರೆ. ಸೂರ್ಯ ಚಂದ್ರರೇ ಹೊಸದೇನನ್ನೂ ಮಾಡದಿರುವಾಗ ನಾವು ಮಾಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದರೆ ಒಂದು ಸಲ ಹುಮ್ಮಸ್ಸಿನಲ್ಲಿ, ಗ್ರಹಣಕ್ಕೆ ಎರಡು ದಿನ ಮುಂಚೆಯೇ, ಹೊಸದೊಂದು ಸಾಲು ಬರೆದಿದ್ದೆ. ಆಗಿನ್ನೂ ಕ್ಯಾಮೆರಾಗಳಿಗೆ ರೀಲು ಹಾಕುವ ಕಾಲ. ಚನ್ನಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಶಿವಣ್ಣನನ್ನು, ಗ್ರಹಣದ ಸೂರ್ಯನನ್ನು ಹೇಗೆ ನೋಡಬೇಕೆಂದು ಕೇಳಿದೆ. ರೀಲು ಹಾಕುವಾಗ ಅದರ ತುದಿಗೆ ಬೆಳಕು ತಗುಲುತ್ತದೆ. ತೊಳೆದ ಮೇಲೆ ಆ ಭಾಗ ಕಪ್ಪಾಗಿರುತ್ತದೆ. ಚಿತ್ರವಿಲ್ಲದ ಆ ತುಂಡುಗಳನ್ನು ಕತ್ತರಿಸಿ ಬಿಸಾಡುತ್ತಿದ್ದ ಶಿವಣ್ಣ, “ಎರಡು ಮಡಿಕೆ ಮಾಡಿ ನೋಡ್ಲಿ ಕಣ್ಲಾ, ಸೂರ್ಯ ಚಂದ್ರನಂಗೆ ತಣ್ಣಗೆ ಕಾಣ್ತಾನೆ” ಎಂದ. ನಾನು ಅದನ್ನೇ “ತಜ್ಞರ ಪ್ರಕಾರ” ಎಂದು ಬರೆದೆ. ಮರುದಿನ ಅವನ ಅಂಗಡಿಯ ಮುಂದೆ ಕಸಕ್ಕಾಗಿ ಜನ ಸಾಲು ನಿಂತಿದ್ದರಂತೆ.

ತಪ್ಪು ತಿಳಿದದ್ದು ಬಹಳ ತಡವಾಗಿ, ಕನ್ನಡಕ ಬದಲಿಸಲು ಹೋದಾಗ, ಕಣ್ಣಿನ ವೈದ್ಯರೊಬ್ಬರಿಂದ. ಕಪ್ಪು-ಬಿಳುಪು ಫಿಲ್ಮಿನ ಕಪ್ಪು ಬೆಳ್ಳಿಯದು, ಅದು ಶಾಖವನ್ನೂ ತಡೆಯುತ್ತದೆ. ಶಿವಣ್ಣ ಕೊಟ್ಟಂಥ ಕಲರ್ ಫಿಲ್ಮಿನಲ್ಲಿ ತೊಳೆಯುವಾಗ ಬೆಳ್ಳಿಯೆಲ್ಲ ಹೋಗಿ ಬರೀ ಬಣ್ಣ ಉಳಿಯುತ್ತದೆ. ಆ ಬಣ್ಣ ಬೆಳಕನ್ನು ತಡೆಯುತ್ತದೆ, ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಒಳಗೆ ಬಿಡುತ್ತದೆ. ಕಣ್ಣಿನ ಪರದೆಗೆ ನೋವು ಗೊತ್ತಾಗುವುದಿಲ್ಲ. ಹಾಗಾಗಿ ಸೂರ್ಯ ತಣ್ಣಗೆ ಕಂಡಷ್ಟೂ ಮನುಷ್ಯ ಹೆಚ್ಚು ಹೊತ್ತು ನೋಡುತ್ತಾನೆ. ಈಗ ಯಾವ ಫಿಲ್ಮೂ ಬೇಡ, ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಬೇಕು ಎನ್ನುತ್ತಾರೆ. ಇಷ್ಟು ತಿಳಿದೂ ನಾನು ತಿದ್ದುಪಡಿ ಹಾಕಿಸಲಿಲ್ಲ. ಶಾಸಕರ ಇನಿಷಿಯಲ್ ತಪ್ಪಾದರೆ ಮರುದಿನವೇ ವಿಷಾದಿಸುತ್ತೇವೆ. ಇದಕ್ಕೆ ಯಾರೂ ಫೋನ್ ಮಾಡಿರಲಿಲ್ಲವಲ್ಲ.

ಆಮೇಲೆ ಚಳಿಗಾಲದಲ್ಲೊಂದು ಬೆಳಗಿನ ಗ್ರಹಣ ಬಂತು. ಫೋಟೋ ಹುಡುಕಿಕೊಂಡು ಹೊಂಗನೂರಿಗೆ ಹೋದೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಇಡೀ ಊರಿನಲ್ಲಿ ಹೊರಗೆ ನಿಂತಿದ್ದವಳು ಒಬ್ಬಳೇ: ಶಿವಣ್ಣನ ತಂಗಿ ಜಯಮ್ಮ, ಅಂಗಳದಲ್ಲಿ, ಕಣ್ಣಿಗೆ ಫಿಲ್ಮಿನ ತುಂಡು ಹಿಡಿದುಕೊಂಡು.

ಜಯಮ್ಮನ ಕಣ್ಣು ಸಾಮಾನ್ಯದ ಕಣ್ಣಲ್ಲ. ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ಹಣ್ಣಾಗುತ್ತದೆ. ಮೈ ಒಂಚೂರು ತಿಳಿಯಾಗಿ ಬೆಳಕು ಹಾಯುವಂತಾಗುತ್ತದೆ. ಸಾವಿರಾರು ಹುಳುಗಳಲ್ಲಿ ಹಣ್ಣಾದವನ್ನಷ್ಟೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಬೇರೆಯವರು ತಡಕಾಡುವ ಕಡೆ ಅವಳು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಾಳೆ. ಪಕ್ಕದ ಮನೆಗಳವರೂ ಅವಳನ್ನೇ ಕರೆಯುತ್ತಾರೆ. ಅವಳ ಮನೆಯ ಹುಳುಗಳು ಮಾರನೆಯ ದಿನ ಹಣ್ಣಾಗುವುದರಲ್ಲಿದ್ದವು.

“ಕೆಳಗಿಡು, ಕೆಳಗಿಡು!” ಎಂದು ಕಿರುಚಿದೆ.

“ಯಾಕಣ್ಣ? ನೀನೇ ಪೇಪರ್ನಲ್ಲಿ ಬರ್ದಿದ್ದಲ್ಲ. ನಮ್ಮಣ್ಣ ಕೊಟ್ಟಿದ್ದ ತುಂಡು. ಟ್ರಂಕಲ್ಲಿ ಮಡಗಿದ್ದೆ.”

“ನಾನು ಬರೆದದ್ದು ತಪ್ಪು ಕಣಮ್ಮ.”

“ಪೇಪರ್ನೋರು ತಪ್ಪು ಬರೀತಾರಾ?” ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಮುಚ್ಚಿದ ಬಾಗಿಲ ಹಿಂದಿನಿಂದ ಅವಳ ಅತ್ತೆ ಕೂಗಿದರು: “ಬಡ್ಕಂಡೆ ನಾನು, ಗ್ರಾಣದಾಗೆ ಈಚೆಗೋಗ್ಬೇಡ ಅಂತ. ಪೇಪರ್ ಓದೋಳು ನನ್ ಮಾತು ಕೇಳ್ತಾಳಾ? ಆ ಪೇಪರಪ್ಪನ್ನೂ ಒಳೀಕೆ ಕರಿ, ಅವನ್ಗೂ ಬುದ್ಧಿ ಯೋಳ್ತೀನಿ!”

ಮೂಢನಂಬಿಕೆಯ ವಿರುದ್ಧ ನಾನು ಬರೆದ ಲೇಖನಗಳು ಒಂದೆರಡಲ್ಲ. ಅವತ್ತು ಆ ಊರಿನಲ್ಲಿ ಅವನ್ನು ಓದದವರ ಕಣ್ಣುಗಳೆಲ್ಲ ಕ್ಷೇಮವಾಗಿದ್ದವು.

“ಎಷ್ಟು ಹೊತ್ತು ನೋಡಿದೆ?”

“ಒಸಿ ಹೊತ್ತು. ಈಗಿನ್ನೂ ಎತ್ತಿದ್ದೆ.”

ವೈದ್ಯರಿಗೆ ಫೋನ್ ಮಾಡಿದೆ. ಸುಟ್ಟಿದ್ದರೂ ತಕ್ಷಣ ಗೊತ್ತಾಗದೆ ಇರಬಹುದು, ನಾಳೆಯವರೆಗೆ ಕಾಯಿರಿ, ನೋಟದ ನಡುವೆ ಮಬ್ಬೋ ಕಪ್ಪು ಚುಕ್ಕೆಯೋ ಕಂಡರೆ ತಡಮಾಡದೆ ಕರೆತನ್ನಿ ಎಂದರು. ಜಯಮ್ಮ ಈಗ ನಗುತ್ತಿರಲಿಲ್ಲ. “ನಾಳೀಕೆ ಉಳ ಆರಿಸ್ಬೇಕಲ್ಲಣ್ಣ” ಎಂದಳು, ಅಷ್ಟೇ.

ಫೋನ್ ಜೇಬಿಗಿಟ್ಟು ತಿರುಗಿದಾಗ ಕಂಡಿತು. ಬಿಸಿಲಿಗೆ ನಿಲ್ಲಿಸಿದ್ದ ಚಂದ್ರಿಕೆಯ ನೆಯ್ಗೆಯ ಸಣ್ಣ ಕಿಂಡಿಗಳಿಂದ ಬೆಳಕು ಹಾದು ಹಿಂದಿನ ಸುಣ್ಣದ ಗೋಡೆಯ ಮೇಲೆ ಬಿದ್ದಿತ್ತು. ಪ್ರತಿ ಚುಕ್ಕೆಯೂ ಕುಡುಗೋಲಿನಂತೆ ಬಾಗಿದ ಪುಟ್ಟ ಸೂರ್ಯ. ನೂರಾರು ಇದ್ದವು. ಸೂರ್ಯನಿಗೆ ಬೆನ್ನು ಮಾಡಿ ನಿಂತು ನೋಡಿದೆವು. ಅತ್ತೆಯೂ ಬಾಗಿಲು ನಾಲ್ಕು ಬೆರಳು ತೆರೆದು ನೋಡಿ, “ಇಷ್ಟೇಯಾ?” ಎಂದು ಮತ್ತೆ ಮುಚ್ಚಿಕೊಂಡರು.

ಆ ದಿನದ ಸುದ್ದಿಯನ್ನು ಹೇಗೆ ಕಳಿಸಿದೆನೋ ನೆನಪಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊಂಗನೂರಿಗೆ ಹೋದೆ. ಜಯಮ್ಮ ಹುಳುಗಳ ಮುಂದೆ ಕೂತಿದ್ದಳು. ಕೈ ಅವುಗಳ ನಡುವೆ ಚುರುಕಾಗಿ ಆಡುತ್ತಿತ್ತು. ಪರೀಕ್ಷಿಸೋಣವೆಂದು ನಾನೊಂದು ಹುಳು ಎತ್ತಿ ಕೊಟ್ಟೆ. ಕೈಗೆ ತೆಗೆದುಕೊಳ್ಳದೆಯೇ, “ಇದು ಸಂಜೀಕೆ ಆಯ್ತದೆ, ಮಡಗಣ್ಣ” ಎಂದಳು. ಕಣ್ಣು ಉಳಿದಿತ್ತು. ನಾನು ಹುಳುವನ್ನು ಮತ್ತೆ ಸೊಪ್ಪಿನ ಮೇಲೆ ಬಿಟ್ಟೆ.

“ನಂಗೊಬ್ಳಿಗೆ ಯೋಳ್ಬುಟ್ರೆ ಆಯ್ತಾ? ಅವತ್ತು ಓದಿದ್ ಜನಕ್ಕೆಲ್ಲ ಯಾರು ಯೋಳ್ತಾರೆ?”

“ಮುಂದಿನ ಗ್ರಹಣಕ್ಕೆ ಬರೀತೀನಿ ಬಿಡಮ್ಮ.”

“ಸೂರ್ಯ ದಿನಾನೂ ಬತ್ತಾನೆ ಕಣಣ್ಣ. ಇವತ್ತೇ ಬರಿ.”

ಮೂರೇ ಸಾಲಿನ ತಿದ್ದುಪಡಿ. ನನ್ನ ವೃತ್ತಿಯಲ್ಲಿ ಅಷ್ಟು ಚಿಕ್ಕದನ್ನು ಅಷ್ಟು ಹೊತ್ತು ಬರೆದದ್ದಿಲ್ಲ. ಸಂಜೆ ಪತ್ರಿಕೆಯ ಡೆಸ್ಕಿನಿಂದ ಫೋನ್ ಬಂತು.

“ಸಾರ್, ಇದು ಯಾವತ್ತಿನ ಪೇಪರಿನ ತಪ್ಪು?”

“ಬಹಳ ಹಳೇದು.”

“ಈಗ ಯಾರಾದ್ರೂ ದೂರು ಕೊಟ್ಟಿದ್ದಾರಾ?”

“ಇಲ್ಲಪ್ಪ,” ಎಂದೆ. “ಒಬ್ಬರು ನಂಬಿದ್ದಾರೆ.”