ಗಿಡದ ಮೇಲೆ ಅರಳದ ದಾಸವಾಳ

ನಮ್ಮ ಮನೆಯ ದಾಸವಾಳ ಗಿಡದ ಮೇಲೆ ಹೂ ಅರಳಿದ್ದನ್ನು ನಾನು ವರ್ಷಗಟ್ಟಲೆ ನೋಡಲೇ ಇಲ್ಲ. ಬೈಲಹೊಂಗಲದಲ್ಲಿ ಬೆಳಗಿನ ವಾಕಿಂಗ್ ಹೋಗುವವರು ಆರೋಗ್ಯಕ್ಕಿಂತ ಹೂವಿಗಾಗಿಯೇ ಹೆಚ್ಚು ನಡೆಯುತ್ತಾರೆ. ಕೈಯಲ್ಲೊಂದು ಕ್ಯಾರಿಬ್ಯಾಗ್ ಹಿಡಿದು, ಕಂಪೌಂಡಿನ ಹೊರಗಿನಿಂದಲೇ ಟೊಂಗೆ ಬಗ್ಗಿಸುತ್ತಾರೆ. ದೇವರ ಹೆಸರಿನಲ್ಲಿ ಮಾಡಿದರೆ ಕಳ್ಳತನವೂ ಮಡಿಯಾಗುತ್ತದೆ. ಇದಕ್ಕೆ ನನ್ನ ಅತ್ತೆ ಒಂದು ಉಪಾಯ ಕಂಡುಕೊಂಡಿದ್ದರು. ಬಲಿತ ಮೊಗ್ಗನ್ನು ಸಂಜೆಯೇ ಕಿತ್ತಿಟ್ಟರೂ ದಾಸವಾಳ ಬೆಳಗ್ಗೆ ತಾನಾಗಿ ಅರಳುತ್ತದೆ. ಅತ್ತೆ ದಿನಾ ಸಂಜೆ ಒಂದನ್ನೂ ಬಿಡದೆ ಕಿತ್ತು, ಹಸಿಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮುಂದೆ ಇಡುತ್ತಿದ್ದರು.

ಆ ಗಿಡ ತಂದವಳು ನಾನು. ಮುರಗೋಡದ ತವರಿನಿಂದ ಹೊರಟಾಗ ಅವ್ವ ತನ್ನ ಗಿಡದ ಟೊಂಗೆಯೊಂದನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಕೊಟ್ಟಿದ್ದಳು. ಬಸ್ಸಿನಲ್ಲಿ ಉಡಿಯಲ್ಲಿಟ್ಟುಕೊಂಡು ಬಂದೆ. ನಮ್ಮ ಎರೆಮಣ್ಣಿನಲ್ಲಿ ನೀರು ನಿಂತರೆ ದಾಸವಾಳದ ಬೇರು ಕೊಳೆಯುತ್ತದೆ. ಗುಂಡಿಗೆ ಮರಳು ಬೆರೆಸಿದ್ದು ನಾನು. ಎಳೆಯ ಕುಡಿಗೆ ಬಿಳಿ ಹಿಟ್ಟಿನಂಥ ಹುಳ ಹತ್ತಿದಾಗ ಒರೆಸಿ ತೆಗೆದದ್ದೂ ನಾನೇ. ಕೀಳುವ ಕೈ ಮಾತ್ರ ಅತ್ತೆಯದು. ಒತ್ತೊತ್ತಾಗಿ ಎಸಳಿರುವ ಈ ಕೆಂಪು ಜಾತಿ ನಮ್ಮಲ್ಲಿ ಬೀಜ ಕಟ್ಟಿದ್ದನ್ನು ನಾನು ಕಂಡಿಲ್ಲ. ಟೊಂಗೆ ನೆಟ್ಟೇ ಬೆಳೆಸಬೇಕು. ಅಂದರೆ ನನ್ನ ಅಂಗಳದಲ್ಲಿರುವುದು ಅವ್ವನ ಗಿಡದ ಮಗಳಲ್ಲ, ಅವ್ವನ ಗಿಡವೇ. ಅವ್ವ ಹೋದ ಮೇಲೆ ಅಣ್ಣ ಕಾರು ನಿಲ್ಲಿಸಲು ಜಾಗ ಬೇಕೆಂದು ತವರಿನ ಗಿಡ ಕಡಿಸಿಬಿಟ್ಟ. ಉಳಿದದ್ದು ಇದೊಂದೇ.

ಅವ್ವ ತೀರಿಕೊಂಡು ಒಂದು ವರ್ಷ ತುಂಬುವ ಹಿಂದಿನ ಸಂಜೆ ಅತ್ತೆಯನ್ನು ಕೇಳಿದೆ.

"ಅತ್ತಿ, ನಾಳೆ ನಮ್ಮವ್ವನ ಫೋಟೋಕ್ಕ ಒಂದು ಹೂ ಬೇಕ್ರಿ. ಒಂದ ಮೊಗ್ಗಿ ಗಿಡದಾಗ ಬಿಡ್ರಿ."

"ದೇವರ ಹೂ ಸತ್ತವರಿಗೆ ಏರಸ್ತಾರೇನು? ಪ್ಯಾಟ್ಯಾಗ ಶ್ಯಾವಂತಿಗಿ ಮಾಲಿ ಸಿಗತಾವ, ತರಿಸಿಕೋ."

ಎಲ್ಲವನ್ನೂ ಕಿತ್ತರು. ಅಲ್ಲೇ ಕುಳಿತಿದ್ದ ಗಂಡ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮರುದಿನ ಅವ್ವನಿಗೆ ಪೇಟೆಯ ಸೇವಂತಿಗೆ ಹಾಕಿದೆ. 

ಹೋದ ವರ್ಷ ಅತ್ತೆ ತೀರಿಕೊಂಡರು. ಸಂಜೆ ಮೊಗ್ಗು ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗ್ಗೆ ಗಂಡ ಅರಳಿದ ಹೂವನ್ನೆಲ್ಲ ತೆಗೆದುಕೊಂಡು ಹೋಗಿ ತಮ್ಮ ತಾಯಿಯ ಫೋಟೋಕ್ಕೆ ಏರಿಸುತ್ತಾರೆ. ಸತ್ತವರಿಗೆ ಏರಿಸಬಾರದೆಂಬ ಮಾತು ಈಗ ಯಾರಿಗೂ ನೆನಪಿಲ್ಲ.

ಮೊನ್ನೆ ನಾನೂ ಅವ್ವನ ಫೋಟೋ ಟ್ರಂಕಿನಿಂದ ತೆಗೆದು ಗೋಡೆಗೆ ಹಾಕಿ ಒಂದು ಹೂ ಏರಿಸಿದೆ. ಗಂಡ ನೋಡಿದರು.

"ಏರಸು, ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲ ನಮ್ಮವ್ವಗ ಏರಿಸಿ, ಉಳದದ್ದು ಏರಸು. ಆಕಿ ಹಚ್ಚಿದ ಗಿಡ ಅದು."

"ಹಚ್ಚಿದಾಕಿ ನಾನ್ರಿ. ಟೊಂಗಿ ಕೊಟ್ಟಾಕಿ ನಮ್ಮವ್ವ."

"ಹೌದೇನು? ನನಗೇನ ನೆಪ್ಪಿಲ್ಲ ಬಿಡು."

ಆ ಸಂಜೆ ನಾನು ಒಂದು ಮೊಗ್ಗನ್ನೂ ಕೀಳಲಿಲ್ಲ. ಬೆಳಗ್ಗೆ ಬಾಗಿಲು ತೆಗೆದಾಗ ವಾಕಿಂಗಿನವರು ಬಂದು ಹೋಗಿದ್ದರು, ಗಿಡ ಬೋಳಾಗಿತ್ತು. ಗಂಡ ಸ್ನಾನ ಮಾಡಿ ಬಂದು ದೇವರ ಜಗಲಿಯ ಮುಂದೆ ನಿಂತು ಹೂ ಎಲ್ಲಿ ಎಂದು ಕೇಳಿದರು.

"ಪ್ಯಾಟ್ಯಾಗ ಶ್ಯಾವಂತಿಗಿ ಮಾಲಿ ಸಿಗತಾವ," ಎಂದೆ, "ತರಿಸಿಕೋರಿ."