ಬಿಡು ಎಂದು ಬರೆಯದ ಚೀಟಿ

ಊರಿಗೆ ಮೊಬೈಲು ಹೊಸದಾಗಿ ಬಂದಿದ್ದ ಕಾಲ. ಸವದತ್ತಿಯ ನನ್ನ ದವಾಖಾನೆಗೆ ಸುರೇಬಾನದ ಗಂಗವ್ವ ಕಾಲು ಬಾತುಕೊಂಡು ಬಂದಳು. ರಕ್ತದ ರಿಪೋರ್ಟ್ ನೋಡಿದರೆ ಕಿಡ್ನಿ ಅರ್ಧಕ್ಕರ್ಧ ಕೆಟ್ಟಿತ್ತು. ಆಗಷ್ಟೇ ಕಿಡ್ನಿಯ ಬಗ್ಗೆ ಒಂದು ಲೇಖನ ಓದಿದ್ದ ಹುರುಪಿನಲ್ಲಿ ಪಾಠ ಶುರು ಮಾಡಿದೆ.

"ಕಿಡ್ನಿಗೆ ಪೆಟ್ಟಾದ್ರ, ಮಾಯಸಾಕ 'ಬೆಳೀರಿ, ತುಂಬ್ರಿ' ಅಂತ ಒಳಗ ಒಂದು ಹುಕುಂ ಹೊಂಡತೈತಿ ಯವ್ವಾ. ಗ್ರೋತ್ ಫ್ಯಾಕ್ಟರ್ ಅಂತಾರ. ದಿನಾ ಪೆಟ್ಟು ಬಿದ್ರ ಆ ಹುಕುಂ ನಿಲ್ಲೂದಿಲ್ಲ. ಕಡೀಕ ಕಿಡ್ನಿ ತುಂಬ ಬರೇ ಗಾಯದ ಕಲೆನ ಉಳಿತೈತಿ."

"ಒಳಗ ಸಾಕು ಅನ್ನವ್ರು ಯಾರೂ ಇಲ್ಲೇನ್ರಿ ಸಾಹೇಬ್ರ?"

"ಅದಿರಲಿ, ದಿನಾ ಏನು ನುಂಗತಿ?"

"ಮೊಣಕಾಲ ನೋವಿನ ಗುಳಿಗಿರಿ. ಆರು ವರ್ಷಾತು."

"ಆ ಗುಳಿಗೀನ ಕಿಡ್ನಿ ಕೆಡಿಸೇತಿ. ಯಾವ ಹುಚ್ಚ ಬರದ ಕೊಟ್ಟ?"

ಅವಳು ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಜೋಪಾನ ಮಾಡಿದ್ದ ಚೀಟಿ ತೆಗೆದಳು. ಅಕ್ಷರ ನನ್ನದೇ. ದಿನಕ್ಕೆರಡು ಎಂದಿತ್ತು, ಎಷ್ಟು ದಿನ ಎಂಬುದೇ ಇರಲಿಲ್ಲ. ಅಂಗಡಿಯವನಿಗೆ ಅದನ್ನೇ ತೋರಿಸಿ ತರುತ್ತಿದ್ದಳಂತೆ.

"ನೀವು ಬಿಡು ಅಂದಿರಲಿಲ್ಲಲ್ರಿ. ಒಂದ ದಿನಾನೂ ತಪ್ಪಿಸಿಲ್ಲ," ಅಂದಳು, ನಾನು ಶಹಬ್ಬಾಸ್ ಅನ್ನುತ್ತೇನೇನೋ ಎಂಬಂತೆ.

ನನಗೆ ತಲೆ ಎತ್ತಲಾಗಲಿಲ್ಲ. "ಇವತ್ತಿಂದ ಬಿಡು," ಅಂದೆ.

ಅವಳು ಚೀಟಿಯನ್ನು ನನ್ನ ಕಡೆ ಸರಿಸಿದಳು. "ಅದನ್ನೂ ಬರದ ಕೊಡ್ರಿ."

ಬರೆದುಕೊಟ್ಟೆ. ನನ್ನ ಅಕ್ಷರ ಎಲ್ಲರಿಗೂ ಓದಲು ಬರುವಂತಿದ್ದದ್ದು ಅವತ್ತೇ ಮೊದಲು.