ಸಹಿ ಹಾಕದ ದಸ್ತಗೀರ್ ಸಾಹೇಬರು

ದಸ್ತಗೀರ್ ಸಾಹೇಬರು ಕಂಪ್ಯೂಟರ್ ಪರದೆ ನೋಡಿ, ಅದನ್ನು ಮಾಡಿದವರಲ್ಲಿ ಯಾರ್ಯಾರ ನಡುವೆ ಮಾತುಕತೆ ಇಲ್ಲ ಎಂದು ಹೇಳಿಬಿಡುತ್ತಿದ್ದರು. ಪ್ರೋಗ್ರಾಂ ಬರೆಯಲು ಅವರಿಗೆ ಬಾರದು. ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಿಂದ ನಿವೃತ್ತರಾಗಿದ್ದ ಅವರನ್ನು ನಮ್ಮ ಸಾಫ್ಟ್‌ವೇರ್ ಪರೀಕ್ಷಿಸಲು ಕಂಪನಿಯ ಮಾಲೀಕರು ಕರೆತಂದಿದ್ದರು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾ, ತಪ್ಪು ಸಿಕ್ಕಿದೊಡನೆ ಕನ್ನಡಕ ಹಣೆಗೇರಿಸಿ, "ಇಲ್ಲಿ ಯಾರೋ ಮುನಿಸ್ಕೊಂಡಾರ್ರಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ಮುನಿಸಿಕೊಂಡವನು ಹೆಚ್ಚಾಗಿ ನಾನೇ ಆಗಿರುತ್ತಿದ್ದೆ.

ನಾವು ಮಾಡುತ್ತಿದ್ದುದು ಆಸ್ಪತ್ರೆಗೆ ಬೇಕಾದ ಸಾಫ್ಟ್‌ವೇರ್. ರೋಗಿಗಳ ನೋಂದಣಿಯ ಭಾಗ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿದ್ದ ನನ್ನ ತಂಡದ್ದು. ಔಷಧಿಯ ಭಾಗ ಹರಿಹರದಲ್ಲಿದ್ದ ಮಂಜುಳಾ ಅವರ ತಂಡದ್ದು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ನಾವು ಅಲ್ಲಿಗೆ ಹೋಗಲಿಲ್ಲ, ಅವರು ಇಲ್ಲಿಗೆ ಬರಲಿಲ್ಲ. ರೋಗಿಗೆ ನಾವೊಂದು ನಂಬರ್ ಕೊಟ್ಟೆವು, ಅವರು ಇನ್ನೊಂದು ಕೊಟ್ಟರು. ಯಾವ ಔಷಧಿ ಯಾರಿಗೆ ಆಗಿಬರುವುದಿಲ್ಲ ಎಂಬುದು ನಮ್ಮ ಪರದೆಯಲ್ಲಿತ್ತು; ಔಷಧಿ ಕೊಡುವವರ ಪರದೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಸಾಹೇಬರು ಇದನ್ನು ಹಿಡಿದರು. ಎರಡೂ ಕಡೆಯಿಂದ ಇಬ್ಬಿಬ್ಬರನ್ನು ಅದಲುಬದಲು ಮಾಡಿ ಕೂರಿಸಿ ಎಂದು ದಿನಾ ಪೀಡಿಸಿದರು. ನನ್ನವರನ್ನು ಕಳಿಸುವುದಿಲ್ಲ ಎಂದೆ. ಮಂಜುಳಾ ಅವರೂ ಅದನ್ನೇ ಹೇಳಿದರಂತೆ. ಕೊನೆಗೆ ಮಾಲೀಕರು ಎರಡನ್ನೂ ಜೋಡಿಸಲೆಂದೇ ಮೂರನೆಯ ತಂಡವೊಂದನ್ನು ಕಟ್ಟಿದರು. ಆ ತಂಡ ಎರಡು ತಿಂಗಳು ಕೂತು ಮಾಡಿದ್ದೇನು? ಮೂರನೆಯ ಪರದೆ, ರೋಗಿಗೆ ಮೂರನೆಯ ನಂಬರ್.

ಸಾಹೇಬರಿಗೆ ನಗು ಬರಲಿಲ್ಲ. "ಸಾಫ್ಟ್‌ವೇರ್ ಹಂಗಿರ್ಲಿ ಬಿಡ್ರಿ, ಮೊದ್ಲು ನಿಮ್ಮನ್ನ ರಿಪೇರಿ ಮಾಡ್ಕೊಳ್ರಿ. ನೀವು ಹೆಂಗೆ ಕುಂತೀರೋ ಅದೂ ಹಂಗೇ ಕುಂತೈತೆ" ಎಂದರು.

ಆಸ್ಪತ್ರೆಗೆ ಒಪ್ಪಿಸುವ ದಿನ ಬಂತು. ಎಲ್ಲ ಪರೀಕ್ಷಿಸಲಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಆಗದ ಇಂಜೆಕ್ಷನ್ ಯಾರಿಗಾದರೂ ಕೊಟ್ಟುಬಿಟ್ಟರೆ ಏನು ಗತಿ ಎಂದು ಕೇಳಿದರು. ಅದನ್ನೆಲ್ಲ ನರ್ಸುಗಳು ನೋಡಿಕೊಳ್ಳುತ್ತಾರೆ ಎಂದು ರೇಗಿ ನಾನೇ ಸಹಿ ಹಾಕಿದೆ. ಊಟದ ಡಬ್ಬಿ ಎತ್ತಿಕೊಂಡು ಹೋದ ಸಾಹೇಬರು ಮತ್ತೆ ಆಫೀಸಿಗೆ ಬರಲಿಲ್ಲ. ಆ ಸಹಿಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಕಳೆದ ತಿಂಗಳು ಅತ್ತಿಗೆಯನ್ನು ಅದೇ ಆಸ್ಪತ್ರೆಗೆ ಕರೆದೊಯ್ದೆ. ಅವಳಿಗೆ ಪೆನ್ಸಿಲಿನ್ ಆಗುವುದಿಲ್ಲ. ನೋಂದಣಿ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಸಾಹೇಬರು ಕೂತಿದ್ದರು. ಯಾರಿಗೆ ಯಾವ ಔಷಧಿ ಆಗದೆಂದು ಪರದೆಯಲ್ಲಿದ್ದುದನ್ನು ಚೀಟಿಯಲ್ಲಿ ಬರೆದುಕೊಂಡು, ಎದ್ದು ಹೋಗಿ, ಔಷಧಿ ಕಿಟಕಿಯಲ್ಲಿ ಓದಿ ಹೇಳುವುದು, ಮತ್ತೆ ಬಂದು ಕೂರುವುದು. ತಾವಾಗಿಯೇ ಕೇಳಿ ಪಡೆದ ಕೆಲಸವಂತೆ. ಮೊಣಕಾಲಿಗೆ ಪಟ್ಟಿ ಕಟ್ಟಿದ್ದರು. ಈ ವಯಸ್ಸಿನಲ್ಲಿ ಇಷ್ಟು ಓಡಾಟ ಯಾಕೆ ಎಂದೆ.

"ನೀವು ಹರಿಹರಕ್ಕೆ ಹೋಗ್ಲಿಲ್ಲ. ಯಾರಾದ್ರೂ ಒಬ್ರು ನಡೀಬೇಕಲ್ರಿ" ಎಂದು ಹೇಳಿ, ಅತ್ತಿಗೆಯ ಚೀಟಿ ಹಿಡಿದುಕೊಂಡು ಔಷಧಿ ಕಿಟಕಿಯತ್ತ ಹೊರಟರು.